ಹತ್ತೇ ನಿಮಿಷಕ್ಕೆ ಸರಿಹೋದ ಕೈ

ತಾಲ್ಲೂಕು ಊರೊಂದರಲ್ಲಿ ನನ್ನದು ಸಣ್ಣ ಕ್ಲಿನಿಕ್. ಒಂದು ದಿನ ಅಡಿಕೆ ಬೆಳೆಗಾರರೊಬ್ಬರು ಬಿಪಿ ಮಾತ್ರೆ ಬರೆಸಿಕೊಳ್ಳಲು ಬಂದಿದ್ದರು. ಚೀಟಿ ತಗೊಂಡು ಏಳುವಾಗ ಅವರ ಹೆಂಡತಿ, "ಬೆಳಿಗ್ಗೆ ಇವರ ಕೈಯಿಂದ ಕಾಫಿ ಲೋಟ ಜಾರಿತು ಡಾಕ್ಟ್ರೇ. ಮಾತೂ ತೊದಲಿತು. ಹತ್ತು ನಿಮಿಷಕ್ಕೆ ಸರಿಹೋಯ್ತು" ಎಂದರು.

"ಸುಮ್ನಿರೇ, ರಾತ್ರಿ ನಿದ್ದೆ ಇರಲಿಲ್ಲ ಅಷ್ಟೇ" ಎಂದರು ಯಜಮಾನರು.

ಅವರನ್ನು ಮತ್ತೆ ಕೂರಿಸಿದೆ. ಹಲ್ಲು ತೋರಿಸಿ ಎಂದೆ. ಕಣ್ಣು ಮುಚ್ಚಿಸಿ ಎರಡೂ ಕೈ ಮುಂದಕ್ಕೆ ಚಾಚಿಸಿದೆ. ಎಲ್ಲ ಸರಿಯಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಸರಿಯಾಗಿದ್ದ ಒಬ್ಬರನ್ನು ನಾನು ಮನೆಗೆ ಕಳಿಸಿದ್ದೆ. ಮೂರನೇ ದಿನ ಅವರ ಎಡಭಾಗ ಬಿದ್ದುಹೋಯಿತು. ಆ ನೋವು ನನ್ನಲ್ಲಿ ಇನ್ನೂ ಇದೆ.

ಇದನ್ನು ನಾವು ಟಿಐಎ ಅನ್ನುತ್ತೇವೆ, ಅಂದರೆ ಮಿನಿ ಸ್ಟ್ರೋಕ್. ಮೆದುಳಿನ ರಕ್ತನಾಳದಲ್ಲಿ ಹೆಪ್ಪೊಂದು ಸಿಕ್ಕಿಕೊಂಡು, ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಕೊಳ್ಳುತ್ತದೆ. ಆದರೆ ಹೆಪ್ಪು ಹುಟ್ಟಿದ ಜಾಗ ಹಾಗೇ ಉಳಿದಿರುತ್ತದಲ್ವಾ? ಅದು ಕತ್ತಿನ ನಾಳದಲ್ಲಿ ಕಟ್ಟಿದ ಕೊಬ್ಬಿರಬಹುದು, ತಾಳ ತಪ್ಪಿ ಬಡಿಯುವ ಹೃದಯವಿರಬಹುದು. ದೊಡ್ಡ ಸ್ಟ್ರೋಕ್ ಬರುವ ಭಯ ಮೊದಲ 48 ಗಂಟೆಯಲ್ಲೇ ಜಾಸ್ತಿ.

ಶುಗರ್ ನೋಡಿದೆ. ಶುಗರ್ ಇಳಿದರೂ ಹೀಗೇ ಕಾಣಿಸುತ್ತದೆ. ಸರಿಯಾಗಿತ್ತು. ನಾಡಿ ಮಾತ್ರ ಏರುಪೇರು. ಇಸಿಜಿಯಲ್ಲೂ ಅದೇ ಕಂಡಿತು. ಮಗನನ್ನು ಕರೆಸಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿಸಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮಾತ್ರೆ ಆಗಲೇ ಕೊಡಲಿಲ್ಲ. ಮೆದುಳಿನಲ್ಲಿ ರಕ್ತ ಸೋರಿಲ್ಲ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗಲಿ ಎಂದು ಕಾದೆ.

ಮಗನಿಗೆ ಒಂದು ಮಾತು ಒತ್ತಿ ಹೇಳಿದೆ. "ದಾರಿಯಲ್ಲಿ ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಗಡಿಯಾರ ನೋಡಿಕೊಳ್ಳಿ. ಕೊನೆಯ ಸಲ ಅಪ್ಪ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಅಲ್ಲಿ ಹೇಳಿ." ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸಿಗುವುದು ಆ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ. ಲಕ್ವ ಹೊಡೆದವರನ್ನು ಮೊದಲು ಎಣ್ಣೆ ತಿಕ್ಕಿಸಲು ಕರೆದೊಯ್ದು ಆ ಹೊತ್ತನ್ನೆಲ್ಲ ಕಳೆದುಕೊಂಡ ಮನೆಗಳನ್ನು ನೋಡಿದ್ದೇನೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಸ್ಕ್ಯಾನ್‌ನಲ್ಲಿ ರಕ್ತ ಸೋರಿರಲಿಲ್ಲ. ಹೆಪ್ಪು ಕಟ್ಟದಂತೆ ತಡೆಯುವ ಮಾತ್ರೆ ಶುರುವಾಯಿತು. ಅವರು ಈಗಲೂ ತೋಟಕ್ಕೆ ಹೋಗುತ್ತಾರೆ.

ಈಗ ಬಿಪಿ, ಶುಗರ್‌ಗೆ ಬರುವ ಎಲ್ಲರನ್ನೂ ಚೀಟಿ ಬರೆಯುವ ಮೊದಲೇ ಕೇಳುತ್ತೇನೆ. ಕೈ ಸೋತಿತ್ತಾ? ಮಾತು ತೊದಲಿತ್ತಾ? ಒಂದು ಕಣ್ಣು ಸ್ವಲ್ಪ ಹೊತ್ತು ಕತ್ತಲಾಗಿತ್ತಾ? ಕೇಳುವಾಗ ಪಕ್ಕದಲ್ಲಿ ಕೂತ ಮನೆಯವರ ಮುಖವನ್ನೂ ನೋಡುತ್ತೇನೆ.