13ಕ್ಕೆ 40: ತೋಟದ ಎಟಿವಿಗೆ ಚೈನ್‌ಸೆಟ್ ಆರಿಸಿದ ಬಗೆ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ರೋಬಸ್ಟಾ ಕಾಫಿಯ ಪಟ್ಟೆಯಿಂದ ಕಣಕ್ಕೆ ಏರಿ ಬರುವ ದಾರಿ ಬಹಳ ಕಡಿದಾಗಿದ್ದು, ಅಲ್ಲಿ ಜೀಪು ತಿರುಗಿಸಲು ಜಾಗವಿಲ್ಲ. ಆ ಕಾರಣಕ್ಕೆ ರೆಸಾರ್ಟೊಂದು ಮಾರಾಟಕ್ಕಿಟ್ಟಿದ್ದ 250 ಸಿಸಿಯ ಹಳೆಯ ಎಟಿವಿಯೊಂದನ್ನು (ಕಚ್ಚಾ ನೆಲದಲ್ಲಿ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿ) ನಾಲ್ಕು ವರ್ಷಗಳ ಹಿಂದೆ ಕೊಂಡೆ. ಕ್ಲಚ್ ಹಿಡಿದು ಗೇರ್ ಬದಲಿಸುವ, ಚೈನಿನಿಂದ ಹಿಂದಿನ ಆಕ್ಸಲ್ ತಿರುಗುವ ಸಾದಾ ಗಾಡಿ ಅದು. ನೋಂದಣಿ ಇಲ್ಲದ್ದರಿಂದ ಅದರ ಓಡಾಟವೆಲ್ಲ ತೋಟದ ಬೇಲಿಯೊಳಗೇ.

ಕಳೆದ ಕೊಯ್ಲಿನಲ್ಲಿ ಹಿಂದೆ ಎರಡು ಮೂಟೆ ಹಣ್ಣು ಹೇರಿದರೆ ಸಾಕು, ಮೊದಲ ಗೇರಿನಲ್ಲೂ ಏರು ಹತ್ತಲು ಗಾಡಿ ಏದುಸಿರು ಬಿಡುತ್ತಿತ್ತು. ಅರ್ಧ ಕ್ಲಚ್ಚಿನಲ್ಲಿ ಎಳೆದು ಎಳೆದು ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. “ಪಿಕಪ್ ಹೋಗಿದೆ ಸಾರ್, ರಿಂಗ್ ಹಾಕ್ಸಿಬಿಡಿ” ಎಂದ ಮೆಕ್ಯಾನಿಕ್. ಪಿಸ್ಟನ್ನಿನ ರಿಂಗ್ ಬದಲಿಸಲೆಂದು ಎಂಜಿನ್ ಬಿಚ್ಚಿಸಲು ನಾನೂ ಮನಸ್ಸು ಮಾಡಿದ್ದೆ. ಆದರೆ ರಿಂಗ್ ಸವೆದಾಗ ಆಗುವಂತೆ ಗಾಡಿ ಹೊಗೆ ಉಗುಳುತ್ತಿರಲಿಲ್ಲ, ಆಯಿಲ್ ಕುಡಿಯುತ್ತಿರಲಿಲ್ಲ. ಹಾಗಿದ್ದ ಮೇಲೆ ಬಲ ಎಲ್ಲಿ ಸೋರುತ್ತಿದೆ ಎಂದು ಯೋಚಿಸುತ್ತಿದ್ದಾಗ, ಅದರ ಹಿಂದಿನ ಮಳೆಗಾಲಕ್ಕೆ ಮುಂಚೆ ನಾನೇ 20 ಇಂಚಿನ ಟೈರು ತೆಗೆದು 22 ಇಂಚಿನದು ಹಾಕಿಸಿದ್ದು ನೆನಪಾಯಿತು. ಕೆಸರಿನಲ್ಲಿ ನೆಲದಿಂದ ಎತ್ತರ ಸಿಗಲಿ ಎಂದು ಮಾಡಿದ ಕೆಲಸ ಅದು.

ಮೂಟೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿಯೇ ಲೆಕ್ಕ ಹಾಕಿದೆ. ಚೈನ್ ಕೂರುವ ಹಲ್ಲುಚಕ್ರಗಳಾದ ಸ್ಪ್ರಾಕೆಟ್ಟುಗಳಲ್ಲಿ ಎಂಜಿನ್ ಕಡೆಯ ಮುಂದಿನದಕ್ಕೆ 14 ಹಲ್ಲು, ಆಕ್ಸಲ್ಲಿನ ಮೇಲಿನ ಹಿಂದಿನದಕ್ಕೆ 38. ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ 2.71 ಬರುತ್ತದೆ; ಈ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ಟೈರಿನ ವ್ಯಾಸ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಚಕ್ರದ ಒಂದೊಂದು ಸುತ್ತಿಗೂ ಗಾಡಿ ಅಷ್ಟೇ ಹೆಚ್ಚು ದೂರ ಹೋಗಬೇಕಾಗುತ್ತದೆ. ಎಂಜಿನ್ನಿನ ಪಾಲಿಗೆ ಆ 2.71 ಎಂಬುದು 2.47ಕ್ಕೆ ಇಳಿದಂತೆಯೇ ಸರಿ. ಹಳೆಯ ಟೈರನ್ನೇ ಇಟ್ಟುಕೊಂಡು ಹಿಂದಿನ ಸ್ಪ್ರಾಕೆಟ್ಟಿನ ಮೂರೂವರೆ ಹಲ್ಲು ಕಿತ್ತುಹಾಕಿದ್ದರೂ ಪರಿಣಾಮ ಇದೇ ಆಗಿರುತ್ತಿತ್ತು. ರಿಂಗಿನ ತಪ್ಪು ಏನೂ ಇರಲಿಲ್ಲ.

ಚೈನ್ ಹೇಗೂ ಮುಗಿದಿತ್ತು. ಪಕ್ಕಪಟ್ಟಿಯ ಮೇಲೆ 520 ಎಂಬ ಅಚ್ಚು ಕಾಣುತ್ತಿತ್ತು. ಇದರಲ್ಲಿ ಮೊದಲ ಅಂಕಿ ಎರಡು ಪಿನ್ನುಗಳ ನಡುವಿನ ಅಂತರವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ. 5 ಎಂದರೆ 15.875 ಮಿಲಿಮೀಟರ್. ಉಳಿದ ಎರಡು ಅಂಕಿ ಒಳ ಅಗಲವನ್ನು ಸೂಚಿಸುತ್ತವೆ, ಇಲ್ಲಿ ಅದು ಕಾಲು ಇಂಚು. ಸಣ್ಣ ಬೈಕುಗಳ 428 ಚೈನಿನ ಅಂತರ ಅರ್ಧ ಇಂಚು ಮಾತ್ರವಾದ್ದರಿಂದ ಅದು ಈ ಹಲ್ಲುಗಳ ಮೇಲೆ ಕೂರುವುದೇ ಇಲ್ಲ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದನೇ ಪಿನ್ನಿನಿಂದ ಇಪ್ಪತ್ತೊಂದನೆಯ ಪಿನ್ನಿನವರೆಗೆ ಅಳೆದಾಗ 317.5 ಮಿಲಿಮೀಟರ್ ಇರಬೇಕಾದ ಜಾಗದಲ್ಲಿ 324 ಬಂತು. ಶೇಕಡಾ 2ರಷ್ಟು ಉದ್ದವಾದ ಚೈನನ್ನು ನಾನು ಇನ್ನು ಓಡಿಸುವುದಿಲ್ಲ. ಹಿಂದಿನ ಸಲ ಹಣ ಉಳಿಸಲು ಹೋಗಿ ಸವೆದ ಸ್ಪ್ರಾಕೆಟ್ಟುಗಳ ಮೇಲೆಯೇ ಹೊಸ ಚೈನ್ ಹಾಕಿ, ಕೊಕ್ಕೆಯಂತೆ ಬಾಗಿದ್ದ ಆ ಹಲ್ಲುಗಳು ಅದನ್ನು ಒಂದೇ ಹಂಗಾಮಿನಲ್ಲಿ ತಿಂದು ಮುಗಿಸಿದ್ದನ್ನು ಕಂಡಿದ್ದೆನಾದ್ದರಿಂದ, ಈ ಬಾರಿ ಮೂರನ್ನೂ ಒಟ್ಟಿಗೆ ಬದಲಿಸುವುದೆಂದು ತೀರ್ಮಾನಿಸಿದೆ.

ಅಷ್ಟು ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಮುಂದಿನ 13 ಹಲ್ಲಿನ ಸ್ಪ್ರಾಕೆಟ್ ಅಗ್ಗ. ಹಳೆಯದನ್ನು ಅಂಗಡಿಗೆ ಒಯ್ದು ಸ್ಪ್ಲೈನ್ (ಶಾಫ್ಟಿನ ಮೇಲೆ ಕೂರುವ ಒಳಗಿನ ಹಲ್ಲುಗಳು) ಹೊಂದಿಸಿ ತಂದೆ. ಗುಜರಿಗೆ ಹೋಗಬೇಕಾದ ಚೈನಿನ ಮೇಲೆಯೇ ಅದನ್ನು ಒಂದು ವಾರ ಓಡಿಸಿದೆ. 13ಕ್ಕೆ 38 ಎಂದರೆ 2.92. ಗಾಡಿ ಬಹುಮಟ್ಟಿಗೆ ಹಳೆಯ ಹದಕ್ಕೆ ಬಂತಾದರೂ ಕಣದ ಬಳಿಯ ಕೊನೆಯ ತಿರುವಿನಲ್ಲಿ ಕ್ಲಚ್ ಇನ್ನೂ ಜಾರಿಸಬೇಕಾಗುತ್ತಿತ್ತು. ಮುಂದೆ 12 ಹಲ್ಲಿನದನ್ನು ಹಾಕಿದರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಕೊಂಡಿಗಳು ಹೆಚ್ಚು ಬಾಗಿ ಸುತ್ತಬೇಕಾಗಿ ಚೈನ್ ಬೇಗ ಸವೆಯುತ್ತದೆ. ಅಲ್ಲದೆ ಚೈನ್ ಕೆಳಗಿಳಿದು ಹಿಂದಿನ ಆಕ್ಸಲ್ ಹೊತ್ತ ತೋಳಾದ ಸ್ವಿಂಗ್‌ಆರ್ಮಿನ ಮೇಲಿನ ರಬ್ಬರ್ ಪಟ್ಟಿಯನ್ನು ಉಜ್ಜುತ್ತದೆ. ಹಾಗಾಗಿ ಉಳಿದದ್ದನ್ನು ಹಿಂದಿನ ಸ್ಪ್ರಾಕೆಟ್ಟಿನಲ್ಲಿ ಗಳಿಸಿಕೊಳ್ಳಬೇಕಾಯಿತು.

ಎಟಿವಿಯಲ್ಲಿ ಹಿಂದಿನ ಸ್ಪ್ರಾಕೆಟ್ ಆಕ್ಸಲ್ಲಿನ ಕೆಳಗೆ ನೇತಾಡುವ ಅಂಗ. ದೊಡ್ಡದು ಮಾಡಿದಷ್ಟೂ ಕಲ್ಲಿಗೆ ಬಡಿಯುವ ಭಯ. 38ರಿಂದ 40ಕ್ಕೆ ಹೋದರೆ ಅದು ಸುಮಾರು 5 ಮಿಲಿಮೀಟರ್ ಕೆಳಗಿಳಿಯುತ್ತದೆ. ದೊಡ್ಡ ಟೈರು ಆಕ್ಸಲ್ಲನ್ನು ಒಂದು ಇಂಚು ಎತ್ತಿದ್ದರಿಂದ ಅಷ್ಟನ್ನು ಬಿಟ್ಟುಕೊಡಲು ನನಗೆ ತೊಂದರೆ ಇರಲಿಲ್ಲ. 13ಕ್ಕೆ 40 ಎಂದರೆ 3.08, ಟೈರಿನ ಲೆಕ್ಕ ಕಳೆದರೆ ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತ ಶೇಕಡಾ 3ರಷ್ಟು ಹೆಚ್ಚು ಎಳೆತ. ಅದೇ ಎಂಜಿನ್ ವೇಗಕ್ಕೆ ಗಾಡಿಯ ವೇಗ ಇದೇ ದೊಡ್ಡ ಟೈರಿನಲ್ಲಿ 14ಕ್ಕೆ 38 ಇದ್ದಾಗಿಗಿಂತ ಶೇಕಡಾ 12ರಷ್ಟು ತಗ್ಗುತ್ತದೆ, ನಿಜ. ಕಾಫಿ ಗಿಡಗಳ ನಡುವೆ ಕೊನೆಯ ಗೇರು ಹಾಕುವ ಸಂದರ್ಭ ನನಗಂತೂ ಬಂದಿಲ್ಲ, ಮಗ ರಜೆಗೆ ಬಂದಾಗಿನ ಮಾತು ಬೇರೆ. ಇನ್ನೊಂದು ಲಾಭವೂ ಇದರಲ್ಲಿದೆ. ಮುಂದಿನ 13 ಹಲ್ಲಿಗೂ ಚೈನಿನ 88 ಕೊಂಡಿಗಳಿಗೂ ಸಾಮಾನ್ಯ ಅಪವರ್ತನವಿಲ್ಲದ್ದರಿಂದ ಮುಂದಿನ ಹಲ್ಲುಗಳು ಮತ್ತು ಕೊಂಡಿಗಳ ಜೋಡಿ ಬದಲಾಗುತ್ತಾ ಹೋಗಿ ಅಲ್ಲಿ ಸವೆತ ಹಂಚಿಹೋಗುತ್ತದೆ.

520 ಚೈನ್ ಸಿಗುವುದು ಕಷ್ಟವೆಂದುಕೊಂಡಿದ್ದೆ. ಕೆಟಿಎಂ ಡ್ಯೂಕ್ 390ಗೂ ಇದೇ ಅಳತೆಯಾದ್ದರಿಂದ ಹಾಸನದಲ್ಲೇ ಸಿಕ್ಕಿತು. ಪಿನ್ನುಗಳ ಬದಿಯಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ ಇರುವುದನ್ನೇ ಆರಿಸಿದೆ. ಪಿನ್ನಿನ ಗ್ರೀಸು ಒಳಗೇ ಉಳಿದು ಕೆಸರು ಹೊರಗೇ ನಿಲ್ಲಬೇಕಲ್ಲವೇ. ಅದು ಸಾದಾ ಚೈನಿಗಿಂತ ತುಸು ಅಗಲವಾಗಿರುವುದರಿಂದ ಮುಂದಿನ ಸ್ಪ್ರಾಕೆಟ್ಟಿನ ಬಳಿ ಎಂಜಿನ್ ಕೇಸಿಗೆ ತಾಗುವುದಿಲ್ಲವೆಂದು ಮೊದಲೇ ನೋಡಿಕೊಂಡೆ. ಬೈಕಿನ ಹಿಂದಿನ ಸ್ಪ್ರಾಕೆಟ್ ಮಾತ್ರ ಈ ಗಾಡಿಯ ಆಕ್ಸಲ್ ಹಬ್ಬಿಗೆ ಹೊಂದುವುದಿಲ್ಲ. ನಡುವಿನ ತೂತು ಮತ್ತು ನಾಲ್ಕು ಬೋಲ್ಟುಗಳ ಅಂತರವನ್ನು ವರ್ನಿಯರ್‌ನಲ್ಲಿ ಅಳೆದು ಬರೆದು ಕಳಿಸಿ, 40 ಹಲ್ಲಿನದನ್ನು ತರಿಸಿಕೊಂಡೆ.

ಕೊನೆಯ ಗೊಂದಲ ಕೊಂಡಿಗಳ ಎಣಿಕೆಯದು. ಹಳೆಯ ಚೈನಿಗೆ 88 ಕೊಂಡಿಗಳಿದ್ದವು. ಈ ಗಾಡಿಯಲ್ಲಿ ಆಕ್ಸಲ್ ಹಿಡಿದಿರುವ ಹೌಸಿಂಗನ್ನು ತಿರುಗಿಸಿ ಚೈನ್ ಬಿಗಿ ಮಾಡಬೇಕು, ಒಟ್ಟು ಸಿಗುವ ಜಾಗ ಸುಮಾರು 20 ಮಿಲಿಮೀಟರ್. ಹಳೆಯ ಚೈನ್ ಹಿಗ್ಗಿ ಆಕ್ಸಲ್ ಹಿಂದಿನ ಕೊನೆಗೇ ಹೋಗಿ ಕೂತಿತ್ತು. ಹೊಸ ಚೈನಿಗಾಗಿ ಅದು 14 ಮಿಲಿಮೀಟರ್ ಮುಂದೆ ಬರಬೇಕು, ಬದಲಾದ ಹಲ್ಲುಗಳಿಗಾಗಿ ಮತ್ತೆ 5. ಅಂದರೆ 88 ಕೊಂಡಿ ಇಟ್ಟರೆ ಆಕ್ಸಲ್ ಹೆಚ್ಚುಕಡಿಮೆ ಮುಂದಿನ ಕೊನೆಯಲ್ಲಿ ನಿಲ್ಲುತ್ತದೆ. 90 ಇಟ್ಟರೆ ಜೋಡಿಸುವುದು ಸುಲಭ, ಆದರೆ ಮುಂದೆ ಬಿಗಿ ಮಾಡಲು 3 ಮಿಲಿಮೀಟರಷ್ಟೇ ಉಳಿಯುತ್ತದೆ. ನಾನು 88ಕ್ಕೇ ಕತ್ತರಿಸಿದೆ. ಎರಡು ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆಯೇ ಎದುರುಬದುರು ಕೂರಿಸಿ, ತೋಟದ ಹುಡುಗ ಹೌಸಿಂಗನ್ನು ಸನ್ನೆಗೋಲಿನಿಂದ ಮುಂದಕ್ಕೆ ಒತ್ತಿ ಹಿಡಿದಾಗ ಲಾಕ್ ಕೊಂಡಿ ಒಳಸೇರಿತು. ಆ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು, ಇಲ್ಲವಾದರೆ ಕಡ್ಡಿ ತಾಗಿ ಹಾರಿಹೋಗುತ್ತದೆ.

ಸಡಿಲವನ್ನು ಖಾಲಿ ಗಾಡಿಯಲ್ಲಿ ಅಳೆಯಲಿಲ್ಲ. ಸ್ವಿಂಗ್‌ಆರ್ಮ್ ಒತ್ತಿ ಆಕ್ಸಲ್, ಅದರ ಪಿವಟ್ ಮತ್ತು ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುವುದರಿಂದ, ಎರಡು ಮೂಟೆ ಹೇರಿ, ಹುಡುಗನನ್ನೂ ಕೂರಿಸಿ, ಆ ಸ್ಥಿತಿಯಲ್ಲೂ ಬೆರಳಿಗೆ ಚೈನ್ ಸ್ವಲ್ಪ ಆಡುವಂತೆ ಹೊಂದಿಸಿದೆ. ಮೂಟೆ ಇಳಿಸಿದ ಮೇಲೆ ನಡುವೆ 30 ಮಿಲಿಮೀಟರ್ ಸಡಿಲ ಕಂಡಿತು. ಹೌಸಿಂಗ್ ನಿಂತ ಜಾಗಕ್ಕೆ ಬಿಳಿ ಬಣ್ಣದ ಗೆರೆ ಎಳೆದೆ. ಮೊದಲ ವಾರದ ಕೊನೆಗೆ ಒಮ್ಮೆ ಸ್ವಲ್ಪ ಬಿಗಿ ಮಾಡಿದ್ದು ಬಿಟ್ಟರೆ ಆ ಗೆರೆಯಿಂದ ಅದು ಇನ್ನೂ ಅಷ್ಟೇನೂ ದೂರ ಹೋಗಿಲ್ಲ.