‘ಇಂಪ್ಯೂನ್’ ಬಳಸುವುದು ಹೇಗೆ?

ಇಂಗ್ಲಿಷ್ ಸಂಪಾದಕೀಯ, ಸಂಸತ್ತಿನ ಚರ್ಚೆ, ಕೋರ್ಟಿನ ತೀರ್ಪು ಓದುವವರಿಗೆ ‘ಇಂಪ್ಯೂನ್’ ಎಂಬ ಕ್ರಿಯಾಪದ ಹೊಸದೇನಲ್ಲ. ಒಬ್ಬರ ಪ್ರಾಮಾಣಿಕತೆ, ಉದ್ದೇಶ ಅಥವಾ ಹೇಳಿಕೆಯನ್ನು ಬಹಿರಂಗವಾಗಿ ಪ್ರಶ್ನಿಸು ಎಂದು ಇದರರ್ಥ. ಅದರ ಗತ್ತಿಗೆ ಮರುಳಾಗಿ ‘ಡೌಟ್’ ಸಾಕಾಗುವ ಕಡೆಯೆಲ್ಲ ಇದನ್ನೇ ತುರುಕುವವರನ್ನು ನೋಡಿ ಈ ಲೇಖನ ಬರೆಯಬೇಕಾಯಿತು.

ಮೊದಲು ಉಚ್ಚಾರ. ಬರೆಯುವಾಗ ಐ, ಎಂ, ಪಿ, ಯು, ಜಿ, ಎನ್. ಹೇಳುವಾಗ ಜಿ ಮಾಯ. ‘ಟ್ಯೂನ್’ಗೆ ಪ್ರಾಸ ಕೂಡಿಸಿದರೆ ಮುಗಿಯಿತು.

ಎರಡನೆಯದು ಮೂಲ. ಲ್ಯಾಟಿನ್‌ನ ‘ಪುಗ್ನಾರೆ’ ಎಂದರೆ ಹೊಡೆದಾಡು. ಜಗಳಗಂಟರನ್ನು ಬಣ್ಣಿಸುವ ‘ಪಗ್ನೇಷಸ್’ ಕೂಡ ಇದೇ ಬೇರಿನದು. ಹಾಗಾಗಿ ಮನಸ್ಸಿನಲ್ಲೇ ಅನುಮಾನಪಟ್ಟರೆ ಅದು ಇಂಪ್ಯೂನ್ ಅಲ್ಲ. ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಬರೆಯಬೇಕು.

ಮೂರನೆಯದು ಕರ್ಮಪದ. ಹೆಚ್ಚಿನವರು ಎಡವುವುದು ಇಲ್ಲೇ. ಈಗಿನ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ನೇರವಾಗಿ ವ್ಯಕ್ತಿಯನ್ನು ಇಂಪ್ಯೂನ್ ಮಾಡುವುದಿಲ್ಲ. ಅವರ ಹಾನೆಸ್ಟಿ, ಇಂಟೆಗ್ರಿಟಿ, ಮೋಟಿವ್ಸ್, ಕ್ಯಾರೆಕ್ಟರ್ ಇವುಗಳನ್ನು ಮಾಡುತ್ತಾರೆ. ಪಾಟೀಸವಾಲಿನ ಹೊತ್ತು ಎಂದುಕೊಳ್ಳಿ. ‘ಅಷ್ಟು ಕತ್ತಲಲ್ಲಿ ನಿಮಗೆ ಮುಖ ಸರಿಯಾಗಿ ಕಂಡಿರಲಿಕ್ಕಿಲ್ಲ’ ಎಂದು ವಕೀಲರು ಹೇಳಿದರೆ ಪೆಟ್ಟು ಬಿದ್ದದ್ದು ಸಾಕ್ಷ್ಯದ ಮೇಲೆ. ಸಾಕ್ಷಿ ಪ್ರಾಮಾಣಿಕನೇ, ಕಣ್ಣು ಮೋಸ ಮಾಡಿರಬಹುದು. ‘ಆರೋಪಿಯ ಮೇಲಿನ ಹಳೇ ದ್ವೇಷಕ್ಕೆ ಅವನ ಹೆಸರು ಹೇಳುತ್ತಿದ್ದೀರಿ’ ಎಂದರೆ ಪೆಟ್ಟು ಉದ್ದೇಶಕ್ಕೇ ಬಿತ್ತು. ಎರಡಕ್ಕೂ ಇಂಪ್ಯೂನ್ ಸಲ್ಲುತ್ತದೆ, ಆದರೆ ಮೊದಲನೆಯದಕ್ಕೆ ‘ಟೆಸ್ಟಿಮನಿ’, ಎರಡನೆಯದಕ್ಕೆ ‘ಮೋಟಿವ್ಸ್’ ಎಂದು ಬರೆಯಲೇಬೇಕು. ಅದಲುಬದಲಾದರೆ ಕಣ್ಣು ಮಂಜಾದವನನ್ನು ಸುಳ್ಳುಗಾರ ಎಂದಂತಾಯಿತು. ಇಂಪ್ಯೂನ್‌ಗೆ ‘ಟೀಕಿಸು’ ಎಂದು ಒಂದೇ ಪದ ಕೊಟ್ಟು ಕೈತೊಳೆದುಕೊಳ್ಳುವ ನಿಘಂಟುಗಳನ್ನು ಪಕ್ಕಕ್ಕಿಡಿ. ಪುಸ್ತಕ ಚೆನ್ನಾಗಿಲ್ಲ ಎನ್ನುವುದು ಟೀಕೆ. ಲೇಖಕ ದುಡ್ಡು ತಿಂದು ಬರೆದಿದ್ದಾನೆ ಎನ್ನುವುದು ಇಂಪ್ಯೂನ್.

ಇನ್ನೊಂದು ಗುಂಡಿ ‘ಇಂಪ್ಯೂಟ್’. ಅದರರ್ಥ ಆರೋಪಿಸು, ಒಬ್ಬರ ತಲೆಗೆ ಕಟ್ಟು. ಅಮೆರಿಕದ ಸೆನೆಟ್‌ನ 19ನೇ ನಿಯಮದ ಪ್ರಕಾರ, ಸದಸ್ಯರಿಗೆ ತಕ್ಕುದಲ್ಲದ ನಡತೆ ಅಥವಾ ಉದ್ದೇಶವನ್ನು ಇನ್ನೊಬ್ಬ ಸದಸ್ಯರಿಗೆ ಇಂಪ್ಯೂಟ್ ಮಾಡುವಂತಿಲ್ಲ. 2017ರ ಫೆಬ್ರುವರಿಯಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಅವರ ಭಾಷಣಕ್ಕೆ ಆಕ್ಷೇಪಿಸಿದ ಆಗಿನ ಬಹುಮತ ಪಕ್ಷದ ನಾಯಕ ಮಿಚ್ ಮೆಕಾನಲ್, ವಾರನ್ ಸಹಸದಸ್ಯರೊಬ್ಬರ ಉದ್ದೇಶ ಮತ್ತು ನಡತೆಯನ್ನು ಇಂಪ್ಯೂನ್ ಮಾಡಿದ್ದಾರೆ ಎಂದರು. ಎರಡೂ ಸರಿಯಾದ ಬಳಕೆಯೇ: ಕೆಟ್ಟ ಉದ್ದೇಶವನ್ನು ಒಬ್ಬರಿಗೆ ಇಂಪ್ಯೂಟ್ ಮಾಡಿದರೆ, ಅವರ ಉದ್ದೇಶವನ್ನು ಇಂಪ್ಯೂನ್ ಮಾಡಿದಂತಾಗುತ್ತದೆ.

ವಾಕ್ಯರಚನೆ ಸುಲಭ. ‘ಶಿ ಇಂಪ್ಯೂನ್ಡ್ ಹಿಸ್ ಹಾನೆಸ್ಟಿ’. ನಡುವೆ ‘ಆನ್’, ‘ಅಬೌಟ್’ ಬೇಡ. ಭಾರತದ ತೀರ್ಪುಗಳಲ್ಲಿ ಬರುವ ‘ಇಂಪ್ಯೂನ್ಡ್ ಆರ್ಡರ್’ ಎಂದರೆ ಪ್ರಶ್ನೆಗೊಳಗಾಗಿರುವ ಆದೇಶ ಅಷ್ಟೇ. ಅಲ್ಲಿ ಯಾರ ಪ್ರಾಮಾಣಿಕತೆಯ ಮಾತೂ ಇಲ್ಲ.

ಕೊನೆಯದಾಗಿ, ಬಳಸಬೇಕೇ ಬೇಡವೇ? ಆಫೀಸಿನ ಮೇಲ್‌ನಲ್ಲಿ ಖಂಡಿತ ಬೇಡ. ಲೆಕ್ಕದಲ್ಲಿ ತಪ್ಪಿದ್ದರೆ ತಪ್ಪಿದೆ ಎನ್ನಿ. ‘ಕ್ವೆಶ್ಚನ್’ ಎಂಬ ಸಾದಾ ಪದವಿದೆ. ‘ಐ ಡೋಂಟ್ ಮೀನ್ ಟು ಇಂಪ್ಯೂನ್ ಯುವರ್ ಮೋಟಿವ್ಸ್, ಬಟ್…’ ಎಂದು ಶುರುಮಾಡುವ ಚಾಳಿಯನ್ನಂತೂ ಬಿಡಿ. ಆ ‘ಬಟ್’ ಕಂಡಕೂಡಲೇ ಓದುವವರು ಏಟಿಗೆ ಸಿದ್ಧರಾಗಿರುತ್ತಾರೆ.