ಜಿರಾಫೆ ನೋಡಿದರೆ ಸಾಕು: ಆಟಿಸಂ ಇರುವ ಪುಟ್ಟ ಮಗುವನ್ನು ಝೂಗೆ ಕರೆದೊಯ್ಯುವುದು ಹೇಗೆ?

ಮಗನನ್ನು ಮೊದಲ ಸಲ ಮೈಸೂರು ಝೂಗೆ ಕರೆದುಕೊಂಡು ಹೋದ ದಿನ ನಾವು ನೋಡಿದ್ದು ಪಾರ್ಕಿಂಗ್ ಮತ್ತು ಟಿಕೆಟ್ ಕ್ಯೂ, ಅಷ್ಟೇ. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಪ್ರವಾಸದ ಬಸ್ಸುಗಳಿಂದ ಮಕ್ಕಳು ಕೂಗುತ್ತಾ ಇಳಿಯುತ್ತಿದ್ದರು. ಪೀಪಿ ಮಾರುವವನೊಬ್ಬ ನಮ್ಮ ಪಕ್ಕದಲ್ಲೇ ನಿಂತು ಪೀಪಿ ಊದಿದ. ನಾಲ್ಕು ವರ್ಷದ ಮಗ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತವನು ಏಳಲೇ ಇಲ್ಲ. ಆ ಹೊತ್ತಿಗೆ ಹೊರಟವರು ನಾವೇ, ಯಾರನ್ನು ಬೈಯುವುದು? ಎರಡನೇ ಸಲ ಐವತ್ತು ನಿಮಿಷ ಒಳಗಿದ್ದೆವು. ಜಿರಾಫೆ ನೋಡಿದೆವು, ಮೊಸರನ್ನ ತಿಂದೆವು, ಅಳು ಇಲ್ಲದೆ ಮನೆಗೆ ಬಂದೆವು. ಮಧ್ಯೆ ಏನೇನು ಬದಲಾಯಿಸಿಕೊಂಡೆವು ಅನ್ನುವುದೇ ಈ ಲೇಖನ. ನೀವು ಲಾಲ್‌ಬಾಗ್‌ಗೆ ಹೊರಟರೂ ಲೆಕ್ಕ ಹೆಚ್ಚುಕಮ್ಮಿ ಇದೇ.

ವಾಪಸ್ ಬರುವುದನ್ನು ಮೊದಲು ಯೋಚಿಸಿ

ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಮುಂಚೆ, ಸಾಕಾದಾಗ ಹೇಗೆ ಹೊರಬೀಳಬಹುದು ಅಂತ ನೋಡಿಕೊಳ್ಳಿ. ಝೂ ಒಳಗಿನ ದಾರಿ ಉದ್ದ, ಸುತ್ತಿ ಬರುವಂಥದ್ದು. ‘ದುಡ್ಡು ಕೊಟ್ಟಿದ್ದೀವಿ, ಹುಲಿ ನೋಡದೆ ಹೋದರೆ ಹೇಗೆ’ ಅಂತ ಹೊರಟರೆ ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಒಂದೇ ಒಂದು ಪ್ರಾಣಿ ಗುರಿ ಇರಲಿ. ಬ್ಯಾಟರಿ ಗಾಡಿ ಎಲ್ಲಿ ಸಿಗುತ್ತದೆ ಅಂತ ಗೇಟಿನಲ್ಲೇ ಕೇಳಿಟ್ಟುಕೊಳ್ಳಿ.

ಮಂಗಳವಾರ ಝೂಗೆ ರಜೆ. ಉಳಿದ ವಾರದ ದಿನಗಳಲ್ಲಿ ಬೆಳಿಗ್ಗೆ 8.30ಕ್ಕೆ ಬಾಗಿಲು ತೆಗೆದ ತಕ್ಷಣ ಹೋದರೆ ಜನ ಕಡಿಮೆ. 1892ರಲ್ಲಿ ಶುರುವಾದ ಝೂ ಇದು. ಹಳೇ ಮರಗಳಿವೆ, ನೆರಳು ಧಾರಾಳ. ಬಿಸಿಲಿನ ಝಳ ತಡೆಯಲಾಗದ ಮಕ್ಕಳಿಗೆ ಇದು ದೊಡ್ಡ ಅನುಕೂಲ. ದಸರಾ ರಜೆ ಮತ್ತು ಡಿಸೆಂಬರಿನ ಶಾಲಾ ಪ್ರವಾಸದ ಸೀಸನ್ ಮಾತ್ರ ಬೇಡವೇ ಬೇಡ. ಮಾನಸಗಂಗೋತ್ರಿಯ ‘ಸ್ಪೀಚ್ ಅಂಡ್ ಹಿಯರಿಂಗ್’ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಮಗುವನ್ನು ಥೆರಪಿಗೆಂದು ಬೇರೆ ಊರಿನಿಂದ ಕರೆತರುವವರಿಗೆ ಒಂದು ಮಾತು: ಥೆರಪಿ ಮುಗಿಸಿ ಅದೇ ದಿನ ಝೂ ಅಂತ ಇಟ್ಟುಕೊಳ್ಳಬೇಡಿ. ಮಗು ಆಗಲೇ ದಣಿದಿರುತ್ತದೆ.

ಒಂದು ವಾರ ಮುಂಚೆ: ಐದು ಕಾರ್ಡು

ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಕಿವಿಗಿಂತ ಕಣ್ಣಿನ ಮೂಲಕ ವಿಷಯ ಬೇಗ ತಲುಪುತ್ತದೆ. ಮುಂದೇನು ಅಂತ ಗೊತ್ತಿಲ್ಲದಿದ್ದರೆ ಗಾಬರಿ ಜಾಸ್ತಿ. ಹಾಗಾಗಿ ನಾವು ಐದು ಕಾರ್ಡು ಮಾಡಿದೆವು: ನಮ್ಮ ಕಾರು, ಝೂ ಗೇಟು, ಜಿರಾಫೆ, ಅವನ ಸ್ಟೀಲ್ ಡಬ್ಬಿ, ನಮ್ಮ ಮನೆ ಬಾಗಿಲು. ಕಾರು, ಡಬ್ಬಿ, ಬಾಗಿಲು ನಾವೇ ತೆಗೆದ ಫೋಟೋಗಳು. ಬೇರೆ ಯಾರದ್ದೋ ಕಾರಿನ ಚಿತ್ರ ಅವನಿಗೆ ‘ನಮ್ಮ ಕಾರು’ ಅಲ್ಲ. ದಪ್ಪ ರಟ್ಟಿಗೆ ಅಂಟಿಸಿ, ಹಿಂದೆ ವೆಲ್ಕ್ರೋ ಹಚ್ಚಿ, ಒಂದು ಉದ್ದ ಪಟ್ಟಿಯ ಮೇಲೆ ಸಾಲಾಗಿ ಜೋಡಿಸಿದೆವು. ಒಂದೊಂದು ಮುಗಿದ ಹಾಗೂ ಅವನೇ ಚರ್ರ್ ಅಂತ ಕಿತ್ತು ಚೀಲಕ್ಕೆ ಹಾಕುತ್ತಾನೆ. ಆ ಸದ್ದು ಅವನಿಗೆ ಇಷ್ಟ. ಕೊನೆಯ ಕಾರ್ಡು ಯಾವಾಗಲೂ ಮನೆ. ಅದು ಕಾಣುತ್ತಿದ್ದರೆ ಅವನಿಗೆ ಧೈರ್ಯ.

ದಿನಾ ರಾತ್ರಿ ಒಂದು ಸಲ ಪಟ್ಟಿ ತೋರಿಸಿ ಓದಿ. ‘ಮೊದಲು ಗೇಟು, ಆಮೇಲೆ ಜಿರಾಫೆ.’ ಅಷ್ಟು ಸಾಕು, ಕಥೆ ಬೇಡ.

ಸದ್ದು ತಗ್ಗಿಸಲು ಕಿವಿ ಮುಚ್ಚುವ ಇಯರ್‌ಮಫ್ ತಂದಿದ್ದರೆ ಅದನ್ನು ಅದೇ ದಿನ ಹಾಕಲು ಹೋಗಬೇಡಿ, ಕಿತ್ತು ಬಿಸಾಡುತ್ತಾರೆ. ನಾವು ಮನೆಯಲ್ಲಿ ಮಿಕ್ಸಿ ಹಾಕುವ ಮುಂಚೆ ತೊಡಿಸಿ ಅಭ್ಯಾಸ ಮಾಡಿಸಿದೆವು. ಈಗ ಕುಕ್ಕರ್ ಇಟ್ಟರೆ ಅವನೇ ಹುಡುಕಿಕೊಂಡು ಬರುತ್ತಾನೆ.

ಹಿಂದಿನ ರಾತ್ರಿ: ಬ್ಯಾಗು

ಅವನು ತಿನ್ನುವ ಊಟ, ಅದೇ ಡಬ್ಬಿಯಲ್ಲಿ. ಹೊಸ ತಿಂಡಿ ರುಚಿ ತೋರಿಸುವ ದಿನ ಇದಲ್ಲ. ಝೂ ಒಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ, ಬ್ಯಾಗ್ ತಪಾಸಣೆ ಇರುತ್ತದೆ. ಮಗುವಿನ ಊಟದ ವಿಷಯ ಅಲ್ಲಿರುವವರಿಗೆ ಮೊದಲೇ ಹೇಳಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿದ್ದರೆ ಜೊತೆಗಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಗೇಟಿನಲ್ಲಿ ಉದ್ದ ವಿವರಣೆ ಕೊಡುವುದಕ್ಕಿಂತ ಕಾರ್ಡು ತೋರಿಸುವುದು ಸುಲಭ.

ಕೈ ಬಿಡಿಸಿಕೊಂಡು ಓಡುವ ಮಗುವಾದರೆ ಇದನ್ನು ಮರೆಯಲೇಬೇಡಿ: ಮುಂಗೈ ಮೇಲೆ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಎದ್ದು ಕಾಣುವ ಬಣ್ಣದ ಅಂಗಿ ಹಾಕಿ, ಹೊರಡುವಾಗ ಒಂದು ಫೋಟೋ ತೆಗೆದುಕೊಳ್ಳಿ. ಇಂಥ ಎಷ್ಟೋ ಮಕ್ಕಳಿಗೆ ನೀರು ಕಂಡರೆ ಸೆಳೆತ. ಮಗು ಕಣ್ಣಿಗೆ ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ನೀರಿರುವ ಕಡೆ. ಝೂ ಪಕ್ಕದಲ್ಲೇ ಕಾರಂಜಿ ಕೆರೆ ಇದೆ ಅನ್ನುವುದು ನೆನಪಿರಲಿ.

ಅಲ್ಲಿ

ದೊಡ್ಡವರು ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ನಾನು ಮಗನ ಜೊತೆ, ಅವರಪ್ಪ ಮಗಳ ಜೊತೆ. ಅವಳಿಗೆ ಎಂಟು ವರ್ಷ. ಮೊದಲ ಸಲ ತಮ್ಮನ ಜೊತೆ ಅವಳೂ ಏನೂ ನೋಡದೆ ಬಂದಿದ್ದಳು. ಈಗ ನಾವಿಬ್ಬರು ಬೆಂಚಿನ ಮೇಲಿದ್ದರೂ ಅವಳು ಹುಲಿ ನೋಡಿ ಬರುತ್ತಾಳೆ.

ಮಗು ಪ್ರಾಣಿ ಬಿಟ್ಟು ಬೇಲಿಯ ಸರಳನ್ನೇ ಎಣಿಸುತ್ತಿದ್ದರೆ ಎಣಿಸಲಿ ಬಿಡಿ. ‘ಅಲ್ನೋಡು, ಅಲ್ನೋಡು’ ಅಂತ ಗದ್ದ ಹಿಡಿದು ತಿರುಗಿಸಬೇಡಿ. ನಮ್ಮವನು ಜಿರಾಫೆಗಿಂತ ಅದರ ನೆರಳನ್ನೇ ಜಾಸ್ತಿ ಹೊತ್ತು ನೋಡಿದ.

ಚಿಹ್ನೆಗಳು ಮೊದಲೇ ಬರುತ್ತವೆ. ನಮ್ಮ ಮಗ ಅಂಗಿಯ ಕಾಲರ್ ಕಚ್ಚಲು ಶುರು ಮಾಡಿದರೆ ಹತ್ತು ನಿಮಿಷ ಉಳಿದಿದೆ ಅಂತ ಅರ್ಥ. ನಿಮ್ಮ ಮಗುವಿನ ಚಿಹ್ನೆ ನಿಮಗೇ ಗೊತ್ತು. ಕಂಡ ಕೂಡಲೇ ಮನೆಯ ಕಾರ್ಡು ತೋರಿಸಿ ಹೊರಡಿ.

ಕೈಮೀರಿದರೆ

ಒಮ್ಮೊಮ್ಮೆ ಕೈಮೀರುತ್ತದೆ. ಇದು ಹಟ ಅಲ್ಲ. ಸದ್ದು, ಬೆಳಕು, ಜನ ಎಲ್ಲ ಸೇರಿ ತಲೆ ತುಂಬಿಹೋಗಿರುತ್ತದೆ. ಐಸ್‌ಕ್ರೀಂ ಆಸೆ ತೋರಿಸಿದರೆ ನಿಲ್ಲುವುದಿಲ್ಲ, ಗದರಿದರೆ ಇನ್ನೂ ಹೆಚ್ಚುತ್ತದೆ. ಪಕ್ಕಕ್ಕೆ, ನೆರಳಿಗೆ ಕರೆದುಕೊಂಡು ಹೋಗಿ. ನೀವೂ ನೆಲದ ಮೇಲೆ ಕುಳಿತುಕೊಳ್ಳಿ. ಮಾತು ನಿಲ್ಲಿಸಿ. ಅಪ್ಪಿ ಹಿಡಿದರೆ ಸಮಾಧಾನ ಆಗುವ ಮಕ್ಕಳೂ ಇದ್ದಾರೆ, ಮುಟ್ಟಿದರೆ ಉರಿಯುವವರೂ ಇದ್ದಾರೆ.

ಜನ ಸೇರುತ್ತಾರೆ. ‘ಒಂದು ಏಟು ಹಾಕಿ, ಸರಿ ಹೋಗ್ತಾನೆ’ ಅನ್ನುವವರು, ‘ದೃಷ್ಟಿ ಆಗಿದೆ ಕಣಮ್ಮ’ ಅನ್ನುವ ಅಜ್ಜಿ, ಸುಮ್ನೆ ಮೊಬೈಲ್ ಎತ್ತುವವರು. ಎಲ್ಲರಿಗೂ ಒಂದೇ ವಾಕ್ಯ ಇಟ್ಟುಕೊಳ್ಳಿ: ‘ಅವನಿಗೆ ಆಟಿಸಂ ಇದೆ, ಸ್ವಲ್ಪ ಜಾಗ ಬಿಡಿ.’ ಮನೆಯಲ್ಲಿ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಮೊದಲ ಸಲ ನನಗೆ ಗಂಟಲೇ ಕಟ್ಟಿತ್ತು.

ಮನೆಗೆ ಬಂದ ಮೇಲೆ

ಅವತ್ತು ಬೇರೇನೂ ಇಟ್ಟುಕೊಳ್ಳಬೇಡಿ, ನೆಂಟರ ಮನೆಯೂ ಬೇಡ. ಫ್ಯಾನ್ ಕೆಳಗೆ ಕುಳಿತು ಮಗು ತನ್ನ ಪಾಡಿಗೆ ತಾನಿರಲಿ. ರಾತ್ರಿ ಎಷ್ಟು ಹೊತ್ತು ಒಳಗಿದ್ದಿರಿ, ಎಲ್ಲಿ ತೊಂದರೆ ಆಯಿತು ಅಂತ ಎರಡು ಸಾಲು ಬರೆದಿಡಿ. ನಮ್ಮ ಪುಸ್ತಕದಲ್ಲಿ ಕೊನೆಯದಾಗಿ ಬರೆದಿರುವುದು ಹೀಗಿದೆ: ‘50 ನಿಮಿಷ. ನವಿಲು ಕೂಗಿದಾಗ ಕಿವಿ ಮುಚ್ಚಿಕೊಂಡ. ಮುಂದಿನ ಸಲ ಒಳಗೆ ಹೋಗುವ ಮುಂಚೆಯೇ ಇಯರ್‌ಮಫ್.’